ನಿಲ್ಲಬೇಕಾದ ಗಾಡಿ ನಿಲ್ಲದಾಗ



ಸಿರುಗುಪ್ಪದಲ್ಲಿ ರೈಲು ನಿಲ್ದಾಣವಿಲ್ಲ. ಕುರುಗೋಡಿನಲ್ಲೂ ಇಲ್ಲ. ತುಂಗಭದ್ರೆಯ ದಡದಲ್ಲಿ ಭತ್ತ ಬೆಳೆಯುವ ಸಿರುಗುಪ್ಪದವರಾಗಲಿ, ಕಲ್ಲುಬೆಟ್ಟದ ಬುಡದಲ್ಲಿ ದೊಡ್ಡಬಸವೇಶ್ವರನ ಗುಡಿಯಿರುವ ಕುರುಗೋಡಿನವರಾಗಲಿ, ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕೆಂದರೆ ಮೊದಲು ಬಸ್ಸು ಹಿಡಿದು ಬಳ್ಳಾರಿಗೆ ಬರಬೇಕು. ರಾತ್ರಿ ಬಳ್ಳಾರಿ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ. ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು, ಕೂಲಿಗೆ ಹೊರಟ ಸಂಸಾರಗಳು, ಆಸ್ಪತ್ರೆಗೆ ಹೊರಟ ಮುದುಕರು, ಎಲ್ಲರೂ ಬುತ್ತಿಯ ಗಂಟು ಇಟ್ಟುಕೊಂಡು ಕಾಯುತ್ತಿರುತ್ತಾರೆ. ಹುಬ್ಬಳ್ಳಿಯಿಂದ ಹೊಸಪೇಟೆಯ ಮಾರ್ಗವಾಗಿ ಹಂಪಿ ಎಕ್ಸ್‌ಪ್ರೆಸ್ ಬರುತ್ತದೆ. ಹತ್ತಿ ಮಲಗಿದರೆ, ಗುಂತಕಲ್ಲು, ಅನಂತಪುರ, ಧರ್ಮಾವರ, ಪೆನುಕೊಂಡ, ಹಿಂದೂಪುರ ದಾಟಿ ಬೆಳಗ್ಗೆ ಬೆಂಗಳೂರು.

ಮಲಗುವ ಪ್ರಯಾಣಿಕ ಒಂದು ದೊಡ್ಡ ನಂಬಿಕೆಯ ಮೇಲೆ ಮಲಗುತ್ತಾನೆ. ತಾನು ನಿದ್ದೆ ಮಾಡುವಾಗ ಬೇರೆ ಯಾರೋ ಎಚ್ಚರವಾಗಿರುತ್ತಾರೆ ಎಂಬುದೇ ಆ ನಂಬಿಕೆ.

2012ರ ಮೇ 22ರ ನಸುಕಿನಲ್ಲಿ ಆ ನಂಬಿಕೆ ಹುಸಿಯಾಯಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿಯನ್ನು ದಾಟಿ, ಮೂರು ಗಂಟೆ ಕಳೆದ ಮೇಲೆ ಆಂಧ್ರಪ್ರದೇಶದ ಪೆನುಕೊಂಡ ನಿಲ್ದಾಣವನ್ನು ಸಮೀಪಿಸಿತು. ಅಲ್ಲಿ ಒಂದು ಗೂಡ್ಸ್ ಗಾಡಿ ನಿಂತಿತ್ತು. ಎಕ್ಸ್‌ಪ್ರೆಸ್ಸು ಹೊರಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ನಾಲ್ಕು ಬೋಗಿಗಳು ಹಳಿ ತಪ್ಪಿದವು, ಒಂದು ಬೋಗಿಗೆ ಬೆಂಕಿ ಹತ್ತಿಕೊಂಡಿತು. ಸುಮಾರು 25 ಜನ ಸತ್ತರು, 40ಕ್ಕೂ ಹೆಚ್ಚು ಜನ ಗಾಯಗೊಂಡರು. ಗಾಡಿ ಕೆಂಪು ಸಿಗ್ನಲನ್ನು ದಾಟಿ ಬಂದಿತ್ತು ಎಂಬುದು ರೈಲ್ವೆಯ ಪ್ರಾಥಮಿಕ ಪರಿಶೀಲನೆಯಲ್ಲಿಯೇ ಹೊರಬಿತ್ತು.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಬಳ್ಳಾರಿಯ ಕಡೆ ಹೋಗಿದ್ದಾಗ, ಸಿರುಗುಪ್ಪದ ಒಬ್ಬ ಪಿ.ಯು.ಸಿ. ಹುಡುಗಿ ನನ್ನನ್ನು ಕೇಳಿದಳು: "ಸರ್, ಡ್ರೈವರ್ ನಿದ್ದಿ ಹೋದ್ರೆ ಗಾಡಿ ತಾನಾಗೇ ನಿಂದ್ರಂಗಿಲ್ಲೇನ್ರಿ?" ವಿಜ್ಞಾನ ಓದಿದವನಾದರೂ ನನ್ನಲ್ಲಿ ಆಗ ಸರಿಯಾದ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಕಿರುತೆರೆಯ ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕ ಹಾಕಿ ತೋರಿಸಲು ಆಗುವುದಿಲ್ಲ. ಇಲ್ಲಿ ಆಗುತ್ತದೆ. ಪೆನ್ಸಿಲು, ಕಾಗದ ಹತ್ತಿರವಿಟ್ಟುಕೊಳ್ಳಿ.

ಕಂಡ ಮೇಲೆ ನಿಲ್ಲಿಸಲಾಗದು

ರಸ್ತೆಯಲ್ಲಿ ಹೋಗುವ ಬಸ್ಸಿನ ಮುಂದೆ ಎಮ್ಮೆ ಅಡ್ಡ ಬಂದರೆ ಚಾಲಕ ಬ್ರೇಕು ತುಳಿಯುತ್ತಾನೆ. ಬಸ್ಸು ಕಿರ್ರೆಂದು ನಿಲ್ಲುತ್ತದೆ. ರೈಲಿನಲ್ಲಿ ಹೀಗೇಕೆ ಆಗುವುದಿಲ್ಲ?

ಮೊದಲ ಕಾರಣ ತೂಕ. ಒಂದು ಬೋಗಿ ಸುಮಾರು 45 ಟನ್, ಇಂಜಿನ್ನು ಸುಮಾರು 120 ಟನ್ ಎಂದು ಇಟ್ಟುಕೊಳ್ಳಿ. 20 ಬೋಗಿಗಳ ಗಾಡಿ ಹತ್ತಿರ ಹತ್ತಿರ 1000 ಟನ್ ಆಗುತ್ತದೆ. ಬಳ್ಳಾರಿ ಜಿಲ್ಲೆಯವರು ದಿನವೂ ನೋಡುವ ಅದಿರಿನ ಗಾಡಿಗಳಂತೂ ತುಂಬಿದಾಗ 5000 ಟನ್ನಿಗೆ ಹತ್ತಿರ.

ಎರಡನೆಯ ಕಾರಣ ವೇಗ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಇದರ ವರ್ಗ ಸುಮಾರು 772. ಎತ್ತರದಿಂದ ಬಿದ್ದ ವಸ್ತುವಿನ ವೇಗದ ಸೂತ್ರವನ್ನು ನೀವು ಓದಿದ್ದೀರಿ. ಆ 772ನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ, ಅಂದರೆ 19.6ರಿಂದ ಭಾಗಿಸಿದರೆ 39 ಬರುತ್ತದೆ. ಅಂದರೆ ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ನಿಂತ ಗೋಡೆಗೆ ಬಡಿಯುವುದೂ, ಅದೇ ಗಾಡಿಯನ್ನು 39 ಮೀಟರ್ ಎತ್ತರದಿಂದ, ಹನ್ನೆರಡು ಹದಿಮೂರು ಅಂತಸ್ತಿನ ಕಟ್ಟಡದ ತುದಿಯಿಂದ ಕೆಳಕ್ಕೆ ಬಿಡುವುದೂ ಶಕ್ತಿಯ ಲೆಕ್ಕದಲ್ಲಿ ಒಂದೇ. ಈ ಚಲನಶಕ್ತಿಯೆಲ್ಲ ಎಲ್ಲಿಗಾದರೂ ಹೋಗಲೇಬೇಕಲ್ಲವೇ? ಬ್ರೇಕು ಹಾಕಿದರೆ ಅದು ಬಿಸಿಯಾಗಿ ಹೋಗುತ್ತದೆ. ಹಾಕದಿದ್ದರೆ ಬೋಗಿಗಳನ್ನು ನಜ್ಜುಗುಜ್ಜು ಮಾಡುವುದರಲ್ಲಿ ಹೋಗುತ್ತದೆ.

ಮೂರನೆಯ ಕಾರಣ ಘರ್ಷಣೆ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುತ್ತದೆ. ಚಕ್ರಕ್ಕೂ ಹಳಿಗೂ ತಾಗುವ ಜಾಗ ಒಂದು ನಾಣ್ಯದಷ್ಟು. ಹಿಡಿತ ಕಡಿಮೆ. ಉಕ್ಕಿನ ಮೇಲೆ ಉಕ್ಕು ಹೆಚ್ಚು ತಡೆಯಿಲ್ಲದೆ ಉರುಳುವುದರಿಂದಲೇ ಒಂದೇ ಇಂಜಿನ್ನು ಅಷ್ಟು ಭಾರವನ್ನು ಎಳೆಯಬಲ್ಲುದು. ಆದರೆ ನಿಲ್ಲಿಸುವಾಗ ಅದೇ ಗುಣ ಶಾಪವಾಗುತ್ತದೆ. ರಸ್ತೆಯ ಕಾರು ಒಣಡಾಂಬರಿನ ಮೇಲೆ ಜೋರಾಗಿ ಬ್ರೇಕು ಹಾಕಿದರೆ ಅದರ ವೇಗ ಪ್ರತಿ ಸೆಕೆಂಡಿಗೆ ಸುಮಾರು 7 ಮೀಟರಿನಷ್ಟು ಇಳಿಯುತ್ತದೆ. ರೈಲಿನದು ಸುಮಾರು ಅರ್ಧ ಮೀಟರಿನಷ್ಟು ಮಾತ್ರ ಎಂದು ಹಿಡಿಯಿರಿ. 772ನ್ನು 14ರಿಂದ ಭಾಗಿಸಿದರೆ ಕಾರು 55 ಮೀಟರಿನಲ್ಲಿ ನಿಲ್ಲುತ್ತದೆ. 772ನ್ನು 1ರಿಂದ ಭಾಗಿಸಿದರೆ ರೈಲಿಗೆ 772 ಮೀಟರ್ ಬೇಕು. ಬ್ರೇಕಿನ ಪರಿಣಾಮ ಅರ್ಧ ಕಿಲೋಮೀಟರ್ ಉದ್ದದ ಗಾಡಿಯ ಕೊನೆಗೆ ಮುಟ್ಟಲು ಹಿಡಿಯುವ ಕಾಲವನ್ನೂ ಸೇರಿಸಿದರೆ ಒಂದು ಕಿಲೋಮೀಟರಿನ ಹತ್ತಿರ ಬರುತ್ತದೆ.

ರಾತ್ರಿಯಲ್ಲಿ ಇಂಜಿನ್ನಿನ ದೀಪ ಹಳಿಯ ಮೇಲಿನ ಅಡ್ಡಿಯನ್ನು ತೋರಿಸುವುದು ಕೆಲವು ನೂರು ಮೀಟರ್ ದೂರದವರೆಗೆ. ಅಂದರೆ ಕಣ್ಣಿಗೆ ಕಂಡ ಮೇಲೆ ಗಾಡಿಯನ್ನು ನಿಲ್ಲಿಸಲು ಸಾಧ್ಯವೇ ಇಲ್ಲ. ರೈಲಿನ ಚಾಲಕ ಕಣ್ಣಿಗೆ ಕಾಣುವ ಹಾದಿಯನ್ನು ನಂಬಿ ಗಾಡಿ ಓಡಿಸುವುದಿಲ್ಲ. ಸಿಗ್ನಲ್ ಕೊಟ್ಟ ಮಾತನ್ನು ನಂಬಿ ಓಡಿಸುತ್ತಾನೆ.

ದೀಪಗಳ ಭಾಷೆ

ಆ ಮಾತು ಹೇಗಿರುತ್ತದೆ ನೋಡೋಣ. ನಿಲ್ದಾಣಕ್ಕೆ ಬರುವ ಗಾಡಿಗೆ ಮೊದಲು ಎದುರಾಗುವುದು ಡಿಸ್ಟಂಟ್ ಸಿಗ್ನಲ್. ಅದರ ಮುಂದೆ, ಕನಿಷ್ಠ ಒಂದು ಕಿಲೋಮೀಟರ್ ದೂರದಲ್ಲಿ, ಹೋಮ್ ಸಿಗ್ನಲ್. ನಾವೆಲ್ಲ ಆಡುಮಾತಿನಲ್ಲಿ ಔಟರ್ ಎನ್ನುವುದು ಸಾಮಾನ್ಯವಾಗಿ ಈ ಹೋಮ್ ಸಿಗ್ನಲಿನ ಹೊರಗಿನ ಜಾಗವನ್ನೇ.

ಬಣ್ಣದ ದೀಪಗಳಿರುವ ಮಾರ್ಗದಲ್ಲಿ ಡಿಸ್ಟಂಟ್ ಸಿಗ್ನಲ್ ಕೆಂಪು ತೋರಿಸುವುದಿಲ್ಲ. ಅದು ನಿಲ್ಲು ಎಂದು ಹೇಳುವ ಕಂಬವಲ್ಲ, ಮುಂದಿನ ಕಂಬ ಏನು ಹೇಳಲಿದೆ ಎಂದು ಮೊದಲೇ ತಿಳಿಸುವ ಕಂಬ. ಹಸಿರಾದರೆ ಹೋಗು. ಎರಡು ಹಳದಿಯಾದರೆ ಎಚ್ಚರವಿರಲಿ, ಮುಂದಿನ ಸಿಗ್ನಲನ್ನು ವೇಗ ತಗ್ಗಿಸಿ ದಾಟಬೇಕಾದೀತು. ಒಂದೇ ಹಳದಿಯಾದರೆ ಮುಂದಿನ ಸಿಗ್ನಲಿನಲ್ಲಿ ನಿಲ್ಲಲು ಈಗಿಂದಲೇ ಸಿದ್ಧನಾಗು. ಹೋಮ್ ಸಿಗ್ನಲಿನ ಕೆಂಪು ಎಂದರೆ ನಿಲ್ಲು. ಅದಕ್ಕೆ ಎರಡು ಅರ್ಥವಿಲ್ಲ.

ಎರಡರ ನಡುವೆ ಒಂದು ಕಿಲೋಮೀಟರ್ ಅಂತರ ಏಕೆ ಎಂದು ಈಗ ನಿಮಗೇ ಹೊಳೆದಿರಬೇಕು. ನಾವು ಮೇಲೆ ಹಾಕಿದ ಲೆಕ್ಕವೇ ಅದಕ್ಕೆ ಕಾರಣ. ಹಳದಿ ಕಂಡ ಕೂಡಲೇ ಬ್ರೇಕು ಹಾಕಿದರೆ ಕೆಂಪಿನ ಹೊತ್ತಿಗೆ ಗಾಡಿ ನಿಲ್ಲುತ್ತದೆ. ಹಳದಿಯನ್ನು ನೋಡದೆ ಹೋದರೆ, ಕೆಂಪನ್ನು ಕಂಡ ಮೇಲೆ ಹಾಕಿದ ಬ್ರೇಕಿನಿಂದ ಪ್ರಯೋಜನವಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿಗೆ ಆ ಒಂದು ಕಿಲೋಮೀಟರ್ ದಾಟಲು ಬೇಕಾಗುವುದು 36 ಸೆಕೆಂಡು. ಈ 36 ಸೆಕೆಂಡನ್ನು ನೆನಪಿಟ್ಟುಕೊಳ್ಳಿ.

ಕೆಟ್ಟರೂ ಕೇಡಾಗದಂತೆ

ಹುಡುಗಿಯ ಪ್ರಶ್ನೆಗೆ ಬರುವ ಮುಂಚೆ ರೈಲ್ವೆಯ ಒಂದು ಮುಖ್ಯ ತತ್ವವನ್ನು ಹೇಳಬೇಕು. ಯಾವ ಯಂತ್ರವೂ ಎಂದಾದರೊಂದು ದಿನ ಕೆಡುತ್ತದೆ. ಕೆಡದ ಯಂತ್ರವನ್ನು ಮಾಡಲು ಆಗುವುದಿಲ್ಲ. ಆದರೆ ಕೆಟ್ಟಾಗ ಏನಾಗಬೇಕೆಂಬುದನ್ನು ಮೊದಲೇ ತೀರ್ಮಾನಿಸಬಹುದು. ಕೆಡುವುದಾದರೆ ನಿಲ್ಲುವ ಕಡೆಗೆ ಕೆಡಬೇಕು, ಓಡುವ ಕಡೆಗಲ್ಲ: ಇದೇ ಆ ತತ್ವ. ಇದನ್ನು ಯಾರೂ ಕುರ್ಚಿಯಲ್ಲಿ ಕುಳಿತು ಕಂಡುಹಿಡಿಯಲಿಲ್ಲ. ಪ್ರತಿಯೊಂದು ಪಾಠದ ಹಿಂದೆ ಸಾವುಗಳಿವೆ.

1876ರ ಜನವರಿ 21. ಇಂಗ್ಲೆಂಡಿನ ಅಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಸುರಿಯುತ್ತಿತ್ತು. ಆಗ ಆ ಮಾರ್ಗದ ಕೈಮರದ ಸಿಗ್ನಲ್ಲುಗಳು ಸಾಮಾನ್ಯವಾಗಿ 'ಹೋಗು' ಎಂಬ ಸ್ಥಿತಿಯಲ್ಲೇ ಇರುತ್ತಿದ್ದವು. ಅಪಾಯವಿದ್ದಾಗ ಮಾತ್ರ 'ನಿಲ್ಲು' ಎಂದು ತೋರಿಸುತ್ತಿದ್ದರು. ಹಿಮ ಗಟ್ಟಿಯಾಗಿ ಕೈಮರ 'ಹೋಗು' ಸ್ಥಿತಿಯಲ್ಲೇ ಹೆಪ್ಪುಗಟ್ಟಿತು. ಕ್ಯಾಬಿನ್ನಿನವರು ಸನ್ನೆ ಎಳೆದರೂ ಅದು ಅಲುಗಲಿಲ್ಲ. ಎಕ್ಸ್‌ಪ್ರೆಸ್ ಗಾಡಿ ಕಲ್ಲಿದ್ದಲಿನ ಗಾಡಿಗೆ ಬಡಿಯಿತು. ಆ ಅವಶೇಷಕ್ಕೆ ಎದುರಿನಿಂದ ಬಂದ ಇನ್ನೊಂದು ಎಕ್ಸ್‌ಪ್ರೆಸ್ ಬಡಿಯಿತು. ಅಲ್ಲಿಂದ ಪದ್ಧತಿ ತಿರುಗಿತು. ಸಿಗ್ನಲಿನ ಸಹಜ ಸ್ಥಿತಿ 'ನಿಲ್ಲು' ಎಂದಾಯಿತು. ತಂತಿ ಹರಿದರೂ ಕೈಮರ ತನ್ನ ಭಾರದಿಂದ ತಾನೇ 'ನಿಲ್ಲು' ಸ್ಥಿತಿಗೆ ಮರಳುವಂತೆ ಮಾಡಲಾಯಿತು.

1889ರ ಜೂನ್ 12. ಐರ್ಲೆಂಡಿನ ಅರ್ಮಾ ಎಂಬ ಊರಿನಿಂದ ಮಕ್ಕಳನ್ನೂ ಹಿರಿಯರನ್ನೂ ತುಂಬಿಕೊಂಡು ಒಂದು ಪ್ರವಾಸದ ಗಾಡಿ ಹೊರಟಿತು. ಏರಿನಲ್ಲಿ ಇಂಜಿನ್ನಿಗೆ ಎಳೆಯಲಾಗದೆ ನಿಂತಿತು. ಸಿಬ್ಬಂದಿ ಗಾಡಿಯನ್ನು ಎರಡು ಮಾಡಿ, ಮುಂದಿನ ಅರ್ಧವನ್ನು ಮೊದಲು ಒಯ್ಯಲು ನಿರ್ಧರಿಸಿದರು. ಅಂದಿನ ಆ ಬ್ರೇಕು ಇಂಜಿನ್ನಿನ ಸಂಪರ್ಕವಿದ್ದಾಗ ಮಾತ್ರ ಹಿಡಿಯುತ್ತಿತ್ತು. ಕೊಂಡಿ ಬಿಚ್ಚಿದ ಕೂಡಲೇ ಹಿಂದಿನ ಬೋಗಿಗಳ ಬ್ರೇಕು ಸಡಿಲಾಯಿತು. ಚಕ್ರಕ್ಕೆ ಕೊಟ್ಟ ಕಲ್ಲುಗಳು ಪುಡಿಯಾದವು. ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದೆ ಬರುತ್ತಿದ್ದ ಗಾಡಿಗೆ ಬಡಿದವು. 80 ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ, ಪ್ರಯಾಣಿಕರ ಗಾಡಿಗಳಿಗೆ ಸ್ವಯಂಚಾಲಿತ ಬ್ರೇಕನ್ನು ಕಡ್ಡಾಯ ಮಾಡಿತು.

ಇಂದಿನ ನಮ್ಮ ಗಾಡಿಗಳಲ್ಲಿರುವ ಗಾಳಿಯ ಬ್ರೇಕು ಇದೇ ತತ್ವದ್ದು. ಇದರ ಮೂಲರೂಪವನ್ನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದಲ್ಲಿ ರೂಪಿಸಿದರು. ಇಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಒಂದು ಕೊಳವೆ ಇರುತ್ತದೆ. ಅದರಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋಗ್ರಾಂ ಒತ್ತಡದ ಗಾಳಿ ತುಂಬಿರುತ್ತದೆ. ಒತ್ತಡ ಬ್ರೇಕನ್ನು ಹಿಡಿಯುತ್ತದೆ ಎಂದು ನೀವು ಊಹಿಸಿದ್ದರೆ ಅದು ತಪ್ಪು. ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಒತ್ತಡ ಇಳಿದರೆ ಹಿಡಿಯುತ್ತದೆ. ಕೊಳವೆ ಒಡೆಯಲಿ, ಕೊಂಡಿ ಕಳಚಲಿ, ಗಾಳಿ ಹೊರಗೆ ಹೋಗಿ ಗಾಡಿ ನಿಲ್ಲುತ್ತದೆ. ನೀವು ಎಳೆಯುವ ಅಪಾಯದ ಸರಪಳಿ ಮಾಡುವುದೂ ಇದನ್ನೇ. ಅದು ಆ ಗಾಳಿಗೆ ದಾರಿ ಬಿಡುತ್ತದೆ, ಅಷ್ಟೆ.

ಹಳಿಯಲ್ಲೂ ಇದೇ ಉಪಾಯ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ, ಎರಡು ಹಳಿಗಳ ಮೂಲಕ ಸಣ್ಣ ವಿದ್ಯುತ್ತು ಹರಿದು ಒಂದು ವಿದ್ಯುತ್ಕಾಂತವನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂದಾಗ ಅದರ ಚಕ್ರ ಮತ್ತು ಅಚ್ಚು ಎರಡೂ ಹಳಿಗಳನ್ನು ಜೋಡಿಸಿ, ವಿದ್ಯುತ್ತು ಅಡ್ಡದಾರಿಯಲ್ಲಿ ಹರಿದುಹೋಗುತ್ತದೆ. ವಿದ್ಯುತ್ಕಾಂತ ಬಿಡುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಖಾಲಿಯಾದರೂ ಕೆಂಪು, ತಂತಿ ಕಡಿದರೂ ಕೆಂಪು.

ಒಂಟಿ ಹಳಿಯ ಮಾರ್ಗಗಳಲ್ಲಿ ಬಳಸುತ್ತ ಬಂದ ಚೆಂಡಿನ ಟೋಕನ್ನೂ ಹೀಗೆಯೇ. ಎರಡು ನಿಲ್ದಾಣಗಳ ಯಂತ್ರಗಳನ್ನು ವಿದ್ಯುತ್ತಿನಿಂದ ಬೆಸೆದಿರುತ್ತಾರೆ. ಅವೆರಡರಿಂದ ಒಂದು ಹೊತ್ತಿಗೆ ಒಂದೇ ಲೋಹದ ಚೆಂಡು ಹೊರಗೆ ಬರುತ್ತದೆ. ಚೆಂಡು ಕೈಗೆ ಸಿಗದ ಚಾಲಕ ಗಾಡಿ ಬಿಡುವಂತಿಲ್ಲ. ಚೆಂಡು ಒಂದೇ ಆದ್ದರಿಂದ ಹಳಿಯ ಮೇಲೆ ಗಾಡಿಯೂ ಒಂದೇ.

ನಿಲ್ಲುವ ಕಡೆಗೆ ಕೆಡದ ಒಂದು ಭಾಗ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಬ್ರೇಕು ಕೆಟ್ಟರೆ ಗಾಡಿ ನಿಲ್ಲುತ್ತದೆ. ಸಿಗ್ನಲ್ ಕೆಟ್ಟರೆ ನಿಲ್ಲುತ್ತದೆ. ಹಳಿಯ ವಿದ್ಯುತ್ತು ಹೋದರೆ ನಿಲ್ಲುತ್ತದೆ. ಇಷ್ಟೆಲ್ಲದರ ನಡುವೆ ಕೆಟ್ಟಾಗ ಗಾಡಿಯನ್ನು ಓಡುವ ಹಾಗೇ ಬಿಟ್ಟುಬಿಡುವ ಭಾಗ ಒಂದೇ ಒಂದು ಉಳಿಯುತ್ತದೆ. ಅದು ಮನುಷ್ಯ. ಚಾಲಕನ ಗಮನ ತಪ್ಪಿದರೆ ಗಾಡಿ ನಿಲ್ಲುವುದಿಲ್ಲ. ಇದ್ದ ವೇಗದಲ್ಲೇ ಮುಂದೆ ಹೋಗುತ್ತದೆ.

ಇದನ್ನು ಯಾರೊಬ್ಬರ ಮೇಲಿನ ದೂರಾಗಿ ಹೇಳುತ್ತಿಲ್ಲ. ಬೆಳಗಿನ ಜಾವ ಮೂರರಿಂದ ಐದರವರೆಗಿನ ಹೊತ್ತಿನಲ್ಲಿ ಮನುಷ್ಯನ ದೇಹದ ಉಷ್ಣತೆ ಇಳಿದಿರುತ್ತದೆ, ಎಚ್ಚರವೂ ಕುಗ್ಗಿರುತ್ತದೆ. ಇದು ದೇಹದೊಳಗಿನ ಗಡಿಯಾರದ ನಿಯಮ. ಒಳ್ಳೆಯ ಚಾಲಕನಿಗೂ ಅದು ತಪ್ಪಿದ್ದಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮೂರು ಗಂಟೆಗೆ ಪುಸ್ತಕದ ಒಂದೇ ಸಾಲನ್ನು ನಾಲ್ಕು ಸಲ ಓದಿದ ಅನುಭವ ನಿಮಗೂ ಇರಬೇಕು. ಕಣ್ಣು ತೆರೆದೇ ಇರುತ್ತದೆ, ಓದಿದ್ದು ತಲೆಗೆ ಹೋಗುವುದಿಲ್ಲ. ಪೆನುಕೊಂಡದ ಅಪಘಾತ ನಡೆದದ್ದೂ ಇಂಥ ಹೊತ್ತಿನಲ್ಲೇ.

ಈ ದೌರ್ಬಲ್ಯ ರೈಲ್ವೆಗೆ ತಿಳಿಯದ್ದಲ್ಲ. ಅದಕ್ಕಾಗಿ ಹಲವು ಏರ್ಪಾಡುಗಳಿವೆ. ಮೊದಲನೆಯದು, ಇಂಜಿನ್ನಿನಲ್ಲಿ ಚಾಲಕನ ಜೊತೆ ಸಹಾಯಕ ಚಾಲಕ ಇರುತ್ತಾನೆ. ಪ್ರತಿ ಸಿಗ್ನಲನ್ನೂ ಒಬ್ಬ ಗಟ್ಟಿಯಾಗಿ ಕೂಗಿ ಹೇಳಬೇಕು, ಇನ್ನೊಬ್ಬ ಅದನ್ನು ಮರುನುಡಿಯಬೇಕು. ಜಪಾನಿನ ರೈಲ್ವೆಯಲ್ಲಿ ಕೂಗುವುದರ ಜೊತೆಗೆ ಬೆರಳಿಂದ ತೋರಿಸುವ ಪದ್ಧತಿಯೂ ಇದೆ. ಕಣ್ಣು, ಬಾಯಿ, ಕೈ ಮೂರೂ ಒಂದೇ ಕೆಲಸದಲ್ಲಿ ತೊಡಗಿದರೆ ತಪ್ಪು ಕಡಿಮೆಯಾಗುತ್ತದೆ. ಲೆಕ್ಕ ಬಿಡಿಸುವಾಗ ಗಟ್ಟಿಯಾಗಿ ಹೇಳಿಕೊಂಡು ಬರೆದು ನೋಡಿ, ನಿಮಗೇ ತಿಳಿಯುತ್ತದೆ.

ಎರಡನೆಯದು, ಇಂಜಿನ್ನಿನಲ್ಲಿ ಕೂರಿಸುವ ಜಾಗೃತಿ ಯಂತ್ರ. ಸುಮಾರು 60 ಸೆಕೆಂಡುಗಳ ಕಾಲ ಚಾಲಕ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ, ಒಂದು ದೀಪ ಮಿನುಗುತ್ತದೆ. ಸುಮಾರು 8 ಸೆಕೆಂಡು ಕಾದು ಗಂಟಲು ಹರಿಯುವಂತೆ ಕೂಗುತ್ತದೆ. ಇನ್ನೂ 8 ಸೆಕೆಂಡಿನೊಳಗೆ ಗುಂಡಿ ಒತ್ತದಿದ್ದರೆ ತಾನೇ ಬ್ರೇಕು ಹಾಕುತ್ತದೆ.

ಹಾಗಾದರೆ ಹುಡುಗಿಯ ಪ್ರಶ್ನೆಗೆ 'ಹೌದು, ನಿಲ್ಲುತ್ತದೆ' ಎಂದು ಹೇಳಬಹುದಲ್ಲ ಎಂದು ನೀವು ಕೇಳಬಹುದು. ಮತ್ತೆ ಪೆನ್ಸಿಲು ತೆಗೆದುಕೊಳ್ಳಿ. 60, 8, 8 ಕೂಡಿಸಿದರೆ 76 ಸೆಕೆಂಡು. ಸೆಕೆಂಡಿಗೆ 27.8 ಮೀಟರಿನಂತೆ 76 ಸೆಕೆಂಡಿನಲ್ಲಿ ಗಾಡಿ ಓಡುವ ದೂರ 2 ಕಿಲೋಮೀಟರಿಗೂ ಹೆಚ್ಚು. ಡಿಸ್ಟಂಟಿನಿಂದ ಹೋಮ್ ಸಿಗ್ನಲಿಗೆ ಹೋಗಲು ಬೇಕಾದದ್ದು ಎಷ್ಟು? 36 ಸೆಕೆಂಡು. ಚಾಲಕ ಡಿಸ್ಟಂಟಿಗೆ ಸ್ವಲ್ಪ ಮೊದಲು ಒಮ್ಮೆ ಹಿಡಿಕೆ ಮುಟ್ಟಿ, ಆಮೇಲೆ ತೂಕಡಿಸಿದರೆ, ಯಂತ್ರ ಎಚ್ಚರಿಸುವ ಮೊದಲೇ ಎರಡೂ ಸಿಗ್ನಲ್ಲುಗಳು ಹಿಂದೆ ಉಳಿದಿರುತ್ತವೆ. ಇನ್ನೊಂದು ತೊಡಕೂ ಉಂಟು. ಬೆಳಗಿನ ಅಲಾರಂ ಗಡಿಯಾರವನ್ನು ನಿದ್ದೆಗಣ್ಣಿನಲ್ಲೇ ಒತ್ತಿ ಮತ್ತೆ ಮಲಗುವವರನ್ನು ನೀವು ನೋಡಿಲ್ಲವೇ? ಅಭ್ಯಾಸವಾದ ಕೈ ಎಚ್ಚರವಿಲ್ಲದೆಯೂ ಗುಂಡಿ ಒತ್ತಬಲ್ಲುದು. ಚಾಲಕ ಅಲುಗುತ್ತಿದ್ದಾನೆಯೇ ಎಂದು ಈ ಯಂತ್ರ ಕೇಳುತ್ತದೆಯೇ ಹೊರತು, ಸಿಗ್ನಲ್ ಕೆಂಪಾಗಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಸಿಗ್ನಲ್ ತಿಳಿದ ಯಂತ್ರ

ಆದ್ದರಿಂದ ಬೇಕಾದದ್ದು ಸಿಗ್ನಲಿನ ಬಣ್ಣವನ್ನು ತಾನೇ ತಿಳಿಯಬಲ್ಲ ಯಂತ್ರ. ನಮ್ಮ ದೇಶದಲ್ಲಿ ರೂಪುಗೊಂಡ ಅಂಥ ಏರ್ಪಾಡಿಗೆ ಕವಚ ಎಂದು ಹೆಸರು. ಇದನ್ನು ಪ್ರಯಾಣಿಕರ ಗಾಡಿಗಳ ಮೇಲೆ ಮೊದಲು ಪರೀಕ್ಷಿಸಲು ತೊಡಗಿದ್ದು 2016ರ ಫೆಬ್ರುವರಿಯಲ್ಲಿ, ದಕ್ಷಿಣ ಮಧ್ಯ ರೈಲ್ವೆಯಲ್ಲಿ. ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಹಾಗೂ ಬೀದರ್ ಕಡೆಗೆ ಹೋಗುವ ಮಾರ್ಗಗಳೂ ಮೊದಲು ಅಳವಡಿಸಿದ ಭಾಗಗಳಲ್ಲಿ ಸೇರಿವೆ. 2020ರಲ್ಲಿ ಇದನ್ನು ರಾಷ್ಟ್ರೀಯ ಏರ್ಪಾಡಾಗಿ ಒಪ್ಪಿಕೊಳ್ಳಲಾಯಿತು.

ಇದು ಕೆಲಸ ಮಾಡುವ ಬಗೆ ಸರಳ. ಹಳಿಗಳ ನಡುವಿನ ಸ್ಲೀಪರುಗಳ ಮೇಲೆ ಅಲ್ಲಲ್ಲಿ ಚಿಕ್ಕ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಇಂಜಿನ್ನು ಮೇಲೆ ಹಾದಾಗ ಆ ಬಿಲ್ಲೆಯನ್ನು ಓದಿ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ. ನಿಲ್ದಾಣದಿಂದ ರೇಡಿಯೋ ಮೂಲಕ ಮುಂದಿನ ಸಿಗ್ನಲಿನ ಬಣ್ಣ ಬರುತ್ತದೆ. ಗಾಡಿಯ ವೇಗ ಎಷ್ಟು, ಕೆಂಪು ಎಷ್ಟು ದೂರದಲ್ಲಿದೆ, ನಿಲ್ಲಲು ಎಷ್ಟು ದೂರ ಬೇಕು ಎಂದು ಇಂಜಿನ್ನಿನ ಕಂಪ್ಯೂಟರು ಲೆಕ್ಕ ಹಾಕುತ್ತಲೇ ಇರುತ್ತದೆ. ನಾವು ಮೇಲೆ ಮಾಡಿದ ಲೆಕ್ಕವೇ, ಕ್ಷಣಕ್ಷಣಕ್ಕೂ. ಚಾಲಕ ಬ್ರೇಕು ಹಾಕದೆ ಹೋದರೆ ಎಚ್ಚರಿಸುತ್ತದೆ. ಆಗಲೂ ಹಾಕದಿದ್ದರೆ ತಾನೇ ಹಾಕುತ್ತದೆ. 2022ರ ಮಾರ್ಚ್ 4ರಂದು ತೆಲಂಗಾಣದಲ್ಲಿ ಗುಲ್ಲಗೂಡ ಮತ್ತು ಚಿಟಗಿಡ್ಡ ನಿಲ್ದಾಣಗಳ ನಡುವೆ ಎರಡು ಇಂಜಿನ್ನುಗಳನ್ನು ಒಂದೇ ಹಳಿಯ ಮೇಲೆ ಎದುರುಬದುರಾಗಿ ಓಡಿಸಿ ಪರೀಕ್ಷೆ ಮಾಡಿದರು. ರೈಲ್ವೆ ಮಂತ್ರಿಗಳೇ ಒಂದು ಇಂಜಿನ್ನಿನಲ್ಲಿದ್ದರು. ಇನ್ನೂ 380 ಮೀಟರ್ ಅಂತರವಿರುವಾಗಲೇ ಇಂಜಿನ್ನು ತಾನಾಗಿ ನಿಂತಿತು.

ಹುಡುಗಿಯ ಪ್ರಶ್ನೆಗೆ ಉತ್ತರ ಈಗ ಸಿಕ್ಕಿತು. ಚಾಲಕ ತೂಕಡಿಸಿದರೆ ಕವಚ ಇರುವ ಮಾರ್ಗದಲ್ಲಿ, ಕವಚ ಇರುವ ಇಂಜಿನ್ನು ತಾನೇ ನಿಲ್ಲುತ್ತದೆ. ಇಲ್ಲದ ಮಾರ್ಗದಲ್ಲಿ ಮನುಷ್ಯನ ಎಚ್ಚರವೇ ಗತಿ. ದೇಶದಲ್ಲಿ ಸುಮಾರು 69 ಸಾವಿರ ಕಿಲೋಮೀಟರ್ ರೈಲು ಮಾರ್ಗವಿದೆ. 2024ರ ವೇಳೆಗೆ ಕವಚ ಬಂದಿದ್ದದ್ದು ಸುಮಾರು ಒಂದೂವರೆ ಸಾವಿರ ಕಿಲೋಮೀಟರಿನಲ್ಲಿ ಮಾತ್ರ. ಹಾದಿ ಇನ್ನೂ ಉದ್ದವಿದೆ.

ಯಂತ್ರ ಬಂದರೆ ಎಲ್ಲವೂ ಮುಗಿಯಿತು ಎಂದೂ ತಿಳಿಯಬಾರದು. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರದ ಬಳಿ ಕೋರಮಂಡಲ ಎಕ್ಸ್‌ಪ್ರೆಸ್ ಹಸಿರು ಸಿಗ್ನಲನ್ನೇ ನಂಬಿ ಬಂದು, ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲಿನ ತಂತಿಗಳ ಜೋಡಣೆಯಲ್ಲಿ ನಡೆದಿದ್ದ ತಪ್ಪೇ ಅದಕ್ಕೆ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ನಿಲ್ಲುವ ಕಡೆಗೆ ಕೆಡಬೇಕಾದ ಸಿಗ್ನಲ್ ಓಡುವ ಕಡೆಗೆ ಕೆಟ್ಟಿತ್ತು. ಯಂತ್ರವನ್ನು ಜೋಡಿಸುವವನೂ, ರಿಪೇರಿ ಮಾಡುವವನೂ ಮನುಷ್ಯನೇ. ಆದ್ದರಿಂದ ರಿಪೇರಿಯ ಬಳಿಕ ಪ್ರತಿ ತಂತಿಯನ್ನೂ ಪರೀಕ್ಷಿಸಿ ಸಹಿ ಹಾಕುವ ನಿಯಮ ಕಾಗದದ ಶಾಸ್ತ್ರವಲ್ಲ. ಸಾವಿರ ಜನರ ಪ್ರಾಣದ ಹೊಣೆ. ನಿಮ್ಮಲ್ಲಿ ಕೆಲವರು ಮುಂದೆ ಇಂಜಿನಿಯರುಗಳೂ ತಂತ್ರಜ್ಞರೂ ಆಗುವವರು. ಆಗ ಈ ಮಾತು ನೆನಪಿರಲಿ.

ನಿಮ್ಮ ಕೈಯಲ್ಲಿರುವುದು

ಪ್ರಯಾಣಿಕರಾದ ನಾವೂ ಮಾಡಬಹುದಾದದ್ದಿದೆ. ಸೀಮೆಎಣ್ಣೆ, ಪೆಟ್ರೋಲು, ಗ್ಯಾಸ್ ಸಿಲಿಂಡರು, ಪಟಾಕಿ ಇವನ್ನು ಬೋಗಿಯಲ್ಲಿ ಒಯ್ಯಬೇಡಿ. ಒಯ್ಯುವವರನ್ನು ಕಂಡರೆ ತಿಳಿಸಿ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಇದಕ್ಕೆ 3 ವರ್ಷದವರೆಗೆ ಸೆರೆವಾಸವಿದೆ. ಡಿಕ್ಕಿಯಲ್ಲಿ ಬದುಕಿ ಉಳಿದವರನ್ನು ಬೆಂಕಿ ಬಲಿ ತೆಗೆದುಕೊಳ್ಳಬಾರದು. ಬೋಗಿ ಹತ್ತಿದ ಕೂಡಲೇ ತುರ್ತು ಕಿಟಕಿ ಎಲ್ಲಿದೆ ಎಂದು ನೋಡಿಕೊಳ್ಳಿ. ಸಾಮಾನ್ಯವಾಗಿ ಅದಕ್ಕೆ ಕೆಂಪು ಬಣ್ಣವಿರುತ್ತದೆ, ಸರಳುಗಳು ತೆರೆಯುವಂತಿರುತ್ತವೆ. ಬಾಗಿಲಿನ ಬಳಿ ಗಂಟುಮೂಟೆ ಪೇರಿಸಬೇಡಿ. ಸಹಾಯಕ್ಕೆ ರೈಲ್ವೆಯ ದೂರವಾಣಿ ಸಂಖ್ಯೆ 139. ಸರಪಳಿ ಎಳೆಯುವುದು ನಿಜವಾದ ಅಪಾಯಕ್ಕೆ ಮಾತ್ರ. ಊರು ಹತ್ತಿರ ಬಂತೆಂದು ಎಳೆದರೆ ಅದು ಅಪರಾಧ. ಅದರಿಂದ ಹಿಂದೆ ಬರುವ ಗಾಡಿಗಳೂ ತಡೆಯುತ್ತವೆ.

ಕೊನೆಯದಾಗಿ ಒಂದು ಮಾತು. ಬೆಂಗಳೂರಿಗೆ ಹೋಗುವಾಗಲೋ, ರಜೆಗೆ ಊರಿಗೆ ಮರಳುವಾಗಲೋ, ನಿಮ್ಮ ಗಾಡಿ ಎಂದಾದರೂ ಕತ್ತಲಲ್ಲಿ, ಯಾವ ಊರೂ ಕಾಣದ ಕಡೆ ಸುಮ್ಮನೆ ನಿಂತುಬಿಡುತ್ತದೆ. ಬಳ್ಳಾರಿ ಇನ್ನು ಹತ್ತು ನಿಮಿಷ ಎನ್ನುವಾಗ ಹೀಗಾದರೆ ಬೋಗಿಯ ತುಂಬ ಗೊಣಗಾಟ. "ಔಟರಿನಾಗ ಯಾಕ ನಿಂದ್ರಿಸ್ಯಾರ್ರೀ? ಸಿರುಗುಪ್ಪದ ಬಸ್ಸು ಹೋಗಿಬಿಡ್ತೈತಲ್ರೀ!" ಎಂದು ಯಾರೋ ಎದ್ದು ನಿಲ್ಲುತ್ತಾರೆ. ಕಿಟಕಿಯಲ್ಲಿ ಬಗ್ಗಿ ನೋಡಬೇಡಿ, ಇಳಿಯಲೂ ಬೇಡಿ. ಮುಂದೆ ಎಲ್ಲೋ ಒಂದು ಕೆಂಪು ದೀಪ ಉರಿಯುತ್ತಿದೆ. ಅದನ್ನು ನೋಡಿದ ಒಬ್ಬ ಮನುಷ್ಯ ಒಂದು ಕಿಲೋಮೀಟರ್ ಹಿಂದೆಯೇ ಬ್ರೇಕಿಗೆ ಕೈ ಹಾಕಿದ್ದಾನೆ.

ಬಸ್ಸು ತಪ್ಪಿದರೆ ಇನ್ನೊಂದು ಬಸ್ಸಿದೆ. ಪೆನುಕೊಂಡದಲ್ಲಿ ಆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸೂ ಹೀಗೆಯೇ ಕತ್ತಲಲ್ಲಿ ನಿಲ್ಲಬೇಕಿತ್ತು. ನಿಂತಿದ್ದರೆ ಪ್ರಯಾಣಿಕರು ಎಚ್ಚರಗೊಂಡು, ಹೊರಗೆ ನೋಡಿ, ಗೊಣಗಿಕೊಂಡು ಮತ್ತೆ ಮಲಗುತ್ತಿದ್ದರು. ಬೆಳಗ್ಗೆ ಸ್ವಲ್ಪ ತಡವಾಗಿ ಬೆಂಗಳೂರಿನಲ್ಲಿ ಇಳಿಯುತ್ತಿದ್ದರು.